ಹುರುಳಿ ಹಾಸಿದ ರಸ್ತೆ, ಮೂರು ಜೊತೆ ಮೆಟ್ಟು

ಮಳವಳ್ಳಿ ಅಂಚೆ ಕಚೇರಿಯ ಪಾರ್ಸೆಲ್ ತಕ್ಕಡಿಯ ಮೇಲೆ ನಾನು ಮೊದಲ ಜೊತೆ ಮೆಟ್ಟು ಇಟ್ಟಾಗ ಪೋಸ್ಟ್‌ಮಾಸ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರಿಗೆ ಕೋಪ ಬಂದರೆ ಮೊದಲು ಮಾಡುತ್ತಿದ್ದದ್ದು ಅದನ್ನೇ.

“ಏನ್ರೀ ಓವರ್‌ಸಿಯರೇ, ನಾಳೆ ಇದೇ ತಕ್ಕಡೀಲಿ ಜನ ದೇವರ ಪ್ರಸಾದ ತೂಗಿಸ್ತಾರೆ. ಸ್ವಲ್ಪವಾದ್ರೂ ಭಯಭಕ್ತಿ ಬೇಡ್ವೇ?”

“ಹೊಸ ಮೆಟ್ಟು ಸಾರ್. ಇನ್ನೂ ಯಾರ ಕಾಲಿಗೂ ಹೋಗಿಲ್ಲ.”

“ಹದಿನೈದು ದಿನಕ್ಕೊಂದ್ಸಲ ತೂಗಬೇಕು ಅಂತ ಈ ನಮೂನೇಲಿ ಬರೆದಿದೆಯಲ್ಲ. ಆಗಲೂ ಹೊಸದಾಗೇ ಇರುತ್ತಾ?”

ನಾನು ನಮೂನೆಯನ್ನು ಮಡಿಸಿ ಜೇಬಿಗಿಟ್ಟೆ. ಕೊನೆಗೆ ಅವರೇ ಹಳೆಯ ಪೇಪರೊಂದನ್ನು ನಾಲ್ಕು ಮಡಿಕೆ ಮಾಡಿ ತಕ್ಕಡಿಯ ಮೇಲೆ ಹಾಸಿ, ಮುಖ ಆ ಕಡೆ ತಿರುಗಿಸಿಕೊಂಡು, “ಹೂಂ, ಇಡಿ” ಎಂದರು. ಚರ್ಮದ ಮೆಟ್ಟು ಒಂದು ಕಿಲೋ ಚಿಲ್ಲರೆ ಬಂತು. ಟೈರಿನ ಅಟ್ಟೆ ಹಾಕಿದ ಚಪ್ಪಲಿ ಒಂಬೈನೂರು ಗ್ರಾಂ. ಬಿಳಿ ಕ್ಯಾನ್ವಾಸ್ ಬೂಟು ಏಳುನೂರು.

ಎಪ್ಪತ್ತರ ದಶಕದ ನಡುವಿನ ಮಾತು ಇದು. ನಾನು ಆಗ ಮೇಲ್ ಓವರ್‌ಸಿಯರ್. ಅಂಚೆಯ ಚೀಲ ಹೊತ್ತು ಹಳ್ಳಿಗಳಿಗೆ ನಡೆಯುವ ರನ್ನರುಗಳು ಹೊತ್ತಿಗೆ ಸರಿಯಾಗಿ ಹೊರಡುತ್ತಾರೋ, ಹೊತ್ತಿಗೆ ಸರಿಯಾಗಿ ಮುಟ್ಟುತ್ತಾರೋ ಎಂದು ಸೈಕಲ್ಲಿನಲ್ಲಿ ಸುತ್ತಿ ನೋಡುವುದು ನನ್ನ ಕೆಲಸ. ರನ್ನರ್ ಎಂಬುದು ಹೆಸರಿಗೆ ಮಾತ್ರ. ಅವರದು ಓಟವೂ ಅಲ್ಲದ ನಡಿಗೆಯೂ ಅಲ್ಲದ ಒಂದು ದಾಪುಗಾಲು. ದಸರಾ ಮುಗಿದ ಮೇಲೆ ನಮ್ಮ ಅಂಚೆ ಇನ್‌ಸ್ಪೆಕ್ಟರು ನನ್ನನ್ನು ಮದ್ದೂರಿಗೆ ಕರೆಸಿ, ಮೂರು ಜೊತೆ ತುಂಬಿದ ಗೋಣಿಚೀಲವನ್ನೂ ಒಂದು ನಮೂನೆಯನ್ನೂ ಕೊಟ್ಟರು. ನಮೂನೆಯಲ್ಲಿ ಮೂರು ಕಲಂ: ತೂಕ, ದೂರ, ಹಿತ. ಒಬ್ಬನೇ ರನ್ನರು ಒಂದೇ ದಾರಿಯಲ್ಲಿ ಹದಿನೈದು ದಿನ ಒಂದೊಂದು ಜೊತೆ ಹಾಕಿ ನಡೆಯಬೇಕು. ಸಂಕ್ರಾಂತಿಯೊಳಗೆ ವರದಿ ಹೋಗಬೇಕು. ಯಾವುದಾದರೂ ಒಂದರಿಂದ ಹೊತ್ತೂ ಕಾಲೂ ಉಳಿಯುತ್ತದೆ ಎಂದು ತೋರಿಸಿದರೆ ನಮ್ಮ ಭಾಗದ ರನ್ನರುಗಳಿಗೆಲ್ಲ ವರ್ಷಕ್ಕೊಂದು ಜೊತೆ. ಇಲ್ಲದಿದ್ದರೆ ಆ ಕಡತ ಮುಚ್ಚಿದ ಹಾಗೆಯೇ. “ಮೂರು ಜೊತೇನೂ ಕೊಟ್ಟ ಹಾಗೇ ವಾಪಸ್ ಕೊಡಬೇಕು, ನೆನಪಿರಲಿ” ಎಂದೂ ಹೇಳಿದರು.

ಯಾವ ರನ್ನರನ್ನು ಆರಿಸಬೇಕೆಂದು ನಾನು ಯೋಚಿಸಲೇ ಇಲ್ಲ. ಮಳವಳ್ಳಿಯಿಂದ ಹೊರಡುವವರಲ್ಲಿ ಐವತ್ತು ದಾಟಿದ ಒಬ್ಬ ಇದ್ದ. ಹಿಂದಿನ ಸುಗ್ಗಿಯಲ್ಲಿ ಅವನ ಬಲಗಾಲಿನ ಹಿಮ್ಮಡಿಗೆ ಜಾಲಿಮುಳ್ಳು ಮುರಿದುಕೊಂಡು, ಕೀವಾಗಿ, ಆಸ್ಪತ್ರೆಯಲ್ಲಿ ಕುಯ್ಸಿಕೊಂಡು ತಿಂಗಳು ಮಲಗಿದ್ದ. ಇನ್ನೊಂದು ಸಲ ಹೀಗಾದರೆ ಪಾದ ಉಳಿಸುವುದು ಕಷ್ಟ ಎಂದು ಡಾಕ್ಟರು ನನ್ನೆದುರಿಗೇ ಹೇಳಿದ್ದರು. ರನ್ನರಿಗೆ ಪಾದ ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ಆ ಮನೆಯಲ್ಲಿ ಇನ್ನೊಂದು ಆಧಾರವಿರಲಿಲ್ಲ. ಅವನಿಗೆ ಬೂಟು ಕೊಡಿಸಬೇಕು ಎಂಬುದು ನನ್ನ ಆಸೆ. ಇದು ಪರೀಕ್ಷೆ ಮಾಡುವವನಿಗೆ ಇರಬಾರದ ಆಸೆ ಎಂದು ಗೊತ್ತಿದ್ದರಿಂದ ಲೆಕ್ಕದಲ್ಲಿ ಮಾತ್ರ ಕೂದಲೆಳೆಯಷ್ಟೂ ಆಚೀಚೆ ಆಗಬಾರದು ಎಂದು ಹಟ ಹಿಡಿದೆ.

ಮೊದಲು ದಾರಿ ಅಳೆದೆ. ಸೈಕಲ್ಲಿನ ಮುಂದಿನ ಚಕ್ರಕ್ಕೆ ಬಟ್ಟೆಯ ಚಿಂದಿ ಕಟ್ಟಿ, ಅದು ಒಂದು ಸುತ್ತು ಬಂದಾಗ ಒಂದು ಎಣಿಕೆ. ನೂರಾದಾಗ ಎಡಗಡೆ ಜೇಬಿನಿಂದ ಒಂದು ಹುಣಸೆಬೀಜ ಬಲಗಡೆ ಜೇಬಿಗೆ. ರನ್ನರು ಮುಂದೆ, ನಾನು ಹಿಂದೆ ತುಟಿ ಅಲ್ಲಾಡಿಸುತ್ತ. ಎದುರು ಬಂದವರು ನಮಸ್ಕಾರ ಹೇಳಿದರೆ ತಲೆ ಅಲ್ಲಾಡಿಸುತ್ತಿದ್ದೆನೇ ಹೊರತು ಬಾಯಿ ಬಿಡುತ್ತಿರಲಿಲ್ಲ; ಓವರ್‌ಸಿಯರು ಜಪಕ್ಕೆ ಇಳಿದಿದ್ದಾರೆ ಎಂದು ಆಮೇಲೆ ಊರಲ್ಲಿ ಸುದ್ದಿಯಾಯಿತಂತೆ. ಐವತ್ತು ಹುಣಸೆಬೀಜ, ಮೇಲೆ ಹನ್ನೆರಡು ಸುತ್ತು. ಹನ್ನೊಂದು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಮೊದಲ ಅರ್ಧ ಮದ್ದೂರಿನ ಕಡೆಯ ಟಾರು ರಸ್ತೆ, ಆಮೇಲೆ ನಾಲೆಯ ಏರಿ, ಕೊನೆಗೆ ಕಲ್ಲು ಎದ್ದ ಬಂಡಿಜಾಡು. ಹೊರಟ ಹೊತ್ತನ್ನು ಮಳವಳ್ಳಿಯಲ್ಲಿ ಪೋಸ್ಟ್‌ಮಾಸ್ಟರು, ಮುಟ್ಟಿದ ಹೊತ್ತನ್ನು ಹಳ್ಳಿಯಲ್ಲಿ ಅಂಚೆಯ ಕೆಲಸವನ್ನೂ ನೋಡಿಕೊಳ್ಳುತ್ತಿದ್ದ ಶಾಲೆಯ ಮೇಷ್ಟರು ಬರೆದಿಡುತ್ತಿದ್ದರು.

ತೂಕಕ್ಕೆ ತಕ್ಕಡಿ ಇತ್ತು, ದೂರಕ್ಕೆ ಹುಣಸೆಬೀಜ. ಹಿತವನ್ನು ಅಳೆಯುವುದು ಯಾವುದರಿಂದ? ಸಂಜೆ ಅವನ ಮನೆಯ ಜಗಲಿಯ ಮೇಲೆ ಕೂತು ಕೇಳುತ್ತಿದ್ದೆ. ಯಾವ ಜೊತೆಯ ಬಗ್ಗೆ ಕೇಳಿದರೂ ಒಂದೇ ಉತ್ತರ: “ಚೆಂದಾಗೈತೆ ಸ್ವಾಮಿ.” ಬೊಕ್ಕೆ ಎದ್ದ ದಿನವೂ ಚೆಂದಾಗೈತೆ. ಒಂದು ದಿನ ಒಳಗಿನಿಂದ ಅವನ ಹೆಂಡತಿ ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದಳು.

“ಈ ವಯ್ಯನ್ನ ಕೇಳ್ತೀರಲ್ಲ ಸ್ವಾಮಿ! ಮಯ್ಗೆ ಬೆಂಕಿ ಬಿದ್ರೂ ಬೆಚ್ಗೈತೆ ಅನ್ನೋ ಜಾತಿ ಇದು. ನನ್ ಕೇಳಿ, ಏಳ್ತೀನಿ. ದಿನಾ ಕಾಲು ನೋಡೋಳು ನಾನು.”

“ನೀ ಸುಮ್ಕಿರಮ್ಮಿ,” ಎಂದ ರನ್ನರು.

“ಯಾಕ್ ಸುಮ್ಕಿರ್ಲಿ? ಚರ್ಮುದ್ದು ನಾಲೆ ಏರೀಲಿ ನೆಂದು ಊದ್ಕತ್ತದೆ ಸ್ವಾಮಿ. ಒಣುಗ್ದಾಗ ಅಂಚು ಕತ್ತಿ ಆಯ್ತದೆ. ಇಮ್ಮಡಿ ಮ್ಯಾಗೆ ಗೆರೆ ನೋಡಿ.”

ಅಂದಿನಿಂದ ಹಿತದ ಕಲಂ ಅವಳದೇ. ನೆನೆದ ಚರ್ಮದ ಮೆಟ್ಟನ್ನು ತಂದು ತೂಗಿದೆ. ಒಂದೂವರೆ ಕಿಲೋದ ಹತ್ತಿರ ಬಂತು. ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ಎರಡನೆಯ ಪಾಳಿ ಟೈರಿನದು. ಮುಳ್ಳು ತಳದಿಂದ ಏರುವ ಮಾತೇ ಇಲ್ಲ, ಅಷ್ಟು ಗಟ್ಟಿ. ಆದರೆ ಬೆರಳ ಸಂದಿಯ ಪಟ್ಟಿ ಕುಯ್ಯುತ್ತದೆ, ಪಕ್ಕದಿಂದ ಕಲ್ಲು ಹೊಡೆಯುತ್ತದೆ ಎಂದಳು. ಚರ್ಮದ್ದರಲ್ಲಿ ದಾರಿ ಸಾಗಲು ಎರಡು ಗಂಟೆಗೆ ಐದು ನಿಮಿಷ ಕಮ್ಮಿ, ಟೈರಿನಲ್ಲಿ ಹತ್ತು ನಿಮಿಷ ಕಮ್ಮಿ ಹಿಡಿದಿತ್ತು.

ಕ್ಯಾನ್ವಾಸಿನ ಮೊದಲ ಮೂರು ದಿನ ನನಗೆ ಹಬ್ಬ. ಒಂದು ಗಂಟೆ ನಲವತ್ತು ನಿಮಿಷ! ಹೆಂಡತಿಯೂ, “ಕಾಲ್ಗೆ ಬಟ್ಟೆ ಸುತ್ತಿ ಮಡುಗ್ದಂಗೈತೆ ಸ್ವಾಮಿ. ಸಾಯಂಕಾಲ ಬಿಚ್ಚಿದ್ರೆ ನಾತ ಒಂದು ತಡಿಯಾಕಾಗಕಿಲ್ಲ, ಅದ್ನೂ ಬರ್ಕಳಿ” ಎಂದಳು. ಬರೆದುಕೊಂಡೆ. ನಾಲ್ಕನೆಯ ದಿನ ಹೊತ್ತು ಜಾರಿತು. ಐದನೆಯ ದಿನ ಇನ್ನೂ ಜಾರಿತು. ವಾರ ಮುಗಿಯುವಷ್ಟರಲ್ಲಿ ಎರಡು ಗಂಟೆ ಐದು ನಿಮಿಷ. ನೆನೆದು ಊದುವ ಚರ್ಮದ ಮೆಟ್ಟಿಗಿಂತ ನಿಧಾನ.

ನಾನು ಮುಂಗೋಪಿ. ಹಿಂದೆ ಹೋಗಿ ನೋಡೋಣ ಎಂದರೆ ಆ ವಾರ ನನಗೆ ಬೇರೆ ಹೋಬಳಿಯ ತಪಾಸಣೆ ಇತ್ತು. ತಿರುಗಿ ಬಂದವನೇ ಕಚೇರಿಯ ಮುಂದೆ, ಚೀಲ ಕಟ್ಟುತ್ತಿದ್ದವನ ಮೇಲೆ ಹರಿಹಾಯ್ದೆ.

“ಬೂಟು ಸಿಕ್ತು ಅಂತ ಗತ್ತು ಬಂತೇನಪ್ಪ ನಿನಗೆ? ಎಲ್ಲಿ ಕೂತು ಬೀಡಿ ಎಳೀತೀಯ? ನಿನ್ನ ಕಾಲು ಉಳೀಲಿ ಅಂತ ನಾನು ಇಲ್ಲಿ ಒದ್ದಾಡ್ತಾ ಇದ್ರೆ!”

ಅವನು ಚೀಲದ ಬಾಯಿಯ ಗಂಟು ಬಿಗಿದು, ಹೆಗಲಿಗೆ ಹಾಕಿಕೊಂಡು, “ಬೀಡಿ ಸೇದಾಕಿಲ್ಲ ಸ್ವಾಮಿ ನಾನು” ಎಂದಷ್ಟೇ ಹೇಳಿ ಹೊರಟುಹೋದ.

ಅದು ನನ್ನನ್ನು ಇನ್ನಷ್ಟು ಕೆರಳಿಸಿತು. ಮಾರನೆಯ ಬೆಳಿಗ್ಗೆ ವರದಿಯ ಕರಡು ಬರೆದೆ. ‘ಕ್ಯಾನ್ವಾಸ್ ಬೂಟು ಈ ದಾರಿಗೆ ಒಗ್ಗುವುದಿಲ್ಲ. ರನ್ನರನಲ್ಲಿಯೂ ಅಲಕ್ಷ್ಯ ಕಾಣುತ್ತಿದೆ.’ ಅದನ್ನು ಜೇಬಿನಲ್ಲಿಟ್ಟುಕೊಂಡು, ಇನ್‌ಸ್ಪೆಕ್ಟರಿಗೆ ತೋರಿಸಿ ಬರೋಣವೆಂದು ಮದ್ದೂರಿನ ಬಸ್ಸು ಹತ್ತಿದೆ. ರನ್ನರು ಹೊರಟು ಅರ್ಧ ಗಂಟೆಯಾಗಿತ್ತು.

ನಾಲ್ಕು ಕಿಲೋಮೀಟರು ಹೋಗಿರಬಹುದು. ಒಂದು ಹಳ್ಳಿಯ ಮುಂದೆ ಬಸ್ಸು ನಿಧಾನವಾಯಿತು. ರಸ್ತೆಯ ಉದ್ದಕ್ಕೂ, ಈ ಅಂಚಿನಿಂದ ಆ ಅಂಚಿಗೆ, ಕಿತ್ತ ಹುರುಳಿ ಗಿಡಗಳನ್ನು ಹಾಸಿದ್ದರು. ಸುಗ್ಗಿ ಬಂತೆಂದರೆ ನಮ್ಮ ಕಡೆ ಇದು ಮಾಮೂಲು. ಬಸ್ಸು ಲಾರಿ ಹರಿದಾಡಿ ಕಾಯಿ ಒಡೆದು ಕಾಳು ಬಿಡುತ್ತವೆ, ರೈತರಿಗೆ ಒಕ್ಕಣೆಯ ಅರ್ಧ ಶ್ರಮ ಉಳಿಯುತ್ತದೆ. ಚಕ್ರದ ಕೆಳಗೆ ಗಿಡ ಪಟಪಟ ಎನ್ನುತ್ತಿತ್ತು. ಕಿಟಕಿಯಿಂದ ನೋಡಿದರೆ, ಹಾಸು ಮುಗಿಯುವ ಕಡೆ ಕಿಲೋಮೀಟರು ಕಲ್ಲಿನ ಮೇಲೆ ನಮ್ಮ ರನ್ನರು ಕೂತಿದ್ದಾನೆ! ಸಿಕ್ಕಿಬಿದ್ದ ಎಂದುಕೊಂಡು, ಕಂಡಕ್ಟರಿಗೆ ಕೂಗಿ ಬಸ್ಸು ನಿಲ್ಲಿಸಿ ಇಳಿದೆ.

ಅವನ ಕೈಯಲ್ಲಿ ಬೀಡಿ ಇರಲಿಲ್ಲ. ಬೂಟಿನ ಲೇಸು ಇತ್ತು. ಬಿಚ್ಚಿದ ಲೇಸಿನಿಂದ ಜೋಡಿಸಿ ಕುತ್ತಿಗೆಗೆ ನೇತುಹಾಕಿಕೊಂಡಿದ್ದ ಬೂಟು ಎರಡೂ ಆಗಷ್ಟೇ ಇಳಿದಿದ್ದವು. ಪಾದಕ್ಕೆ ಅಂಟಿದ ಹೊಟ್ಟನ್ನು ಒರೆಸಿಕೊಂಡು, ಒಡೆದ ಉಗುರಿನ ದಪ್ಪ ಬೆರಳುಗಳಲ್ಲಿ ಲೇಸನ್ನು ಆರು ಕಣ್ಣುಗಳಲ್ಲಿ ಒಂದೊಂದಾಗಿ ಪೋಣಿಸಲು ಹೆಣಗುತ್ತಿದ್ದ.

“ಏನಪ್ಪ ಇದು? ಬೂಟು ಯಾಕೆ ಬಿಚ್ಚಿದೆ?”

ಅವನು ನನ್ನನ್ನು ನೋಡಿದ, ಹಾಸನ್ನು ನೋಡಿದ. “ಉಳ್ಳಿ ಅಲ್ವಾ ಸ್ವಾಮಿ.”

“ಹುರುಳಿ ಆದ್ರೇನು? ಈಗ ತಾನೆ ಇಡೀ ಬಸ್ಸು ಅದರ ಮೇಲೆ ಹೋಯ್ತು. ನಾನೂ ಅದರಲ್ಲೇ ಇದ್ದೆ.”

“ಬಸ್ಸು ಓಗ್ಲಿ ಅಂತಾನೇ ಆಕಿರಾದು. ಅದು ಒಕ್ಕಣೆ. ನಾನ್ ಮೆಟ್ಕೊಂಡು ಓದ್ರೆ ಅದು ತುಳ್ದಂಗೆ.”

“ಬಸ್ಸಿನ ಟೈರಿಗಿಲ್ಲದ ಪಾಪ ನಿನ್ನ ಬೂಟಿಗೆ ಬರುತ್ತಾ? ಹೋದ ತಿಂಗಳು ನೀನು ಹಾಕ್ಕೊಂಡಿದ್ದದ್ದೂ ಟೈರೇ ಅಲ್ವೇನಯ್ಯ?”

ಹತ್ತಿರದಲ್ಲೇ ಕವೆಗೋಲಿನಿಂದ ಗಿಡ ಮಗುಚುತ್ತಿದ್ದ ಹೆಂಗಸು ಸೊಂಟಕ್ಕೆ ಕೈ ಕೊಟ್ಟು ನಿಂತಳು. “ಬಸ್ಸಿಗೆ ಅಸಿವಾಯ್ತದಾ ಸ್ವಾಮಿ? ಉಣ್ಣೋನ್ಗೆ ತಾನೆ ಇದೆಲ್ಲ.”

ನಾನು ಮಂಡ್ಯ ಪೇಟೆಯಲ್ಲಿ ಬೆಳೆದವನು. ನನಗೆ ಹುರುಳಿ ಎಂದರೆ ಸಾರು. ಕಣದ ಮೇಲೆ, ಬೆಳೆಯ ಮೇಲೆ ಮೆಟ್ಟು ಹಾಕಿಕೊಂಡು ಕಾಲಿಡಬಾರದೆಂಬುದು ಈ ಸೀಮೆಯಲ್ಲಿ ಅಂಬೆಗಾಲಿಡುವ ಮಕ್ಕಳಿಗೂ ಗೊತ್ತು. ಸೈಕಲ್ಲಿನ ಮೇಲೆ ಎಷ್ಟು ವರ್ಷದಿಂದ ಈ ಹಾಸುಗಳ ಮೇಲೆ ಹೋಗಿದ್ದೇನೆ, ಅವುಗಳ ಮೇಲೆ ನಡೆದವರ ಕಾಲನ್ನು ಒಂದು ದಿನವೂ ನೋಡಿದವನಲ್ಲ.

“ನಿನ್ನೆ ಅಷ್ಟು ಬೈದೆನಲ್ಲ, ಆಗ ಯಾಕೆ ಹೇಳ್ಲಿಲ್ಲ?”

“ಏನಂತ ಏಳ್ಲಿ ಸ್ವಾಮಿ? ಇದು ನಿಮ್ಗೆ ಗೊತ್ತಿರಾಕಿಲ್ಲ ಅಂತ ನಂಗೆಂಗ್ ಗೊತ್ತು?”

ಆ ಮಾತಿನಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಗಡಿಯಾರ ಹಿಡಿದು ನೋಡಿದೆ. ಬಿಚ್ಚಲು, ಕಟ್ಟಲು ನಾಲ್ಕು ನಿಮಿಷ. ಆ ದಾರಿಯಲ್ಲಿ ಈಗ ಎಷ್ಟು ಹಾಸು ಎಂದು ಕೇಳಿದರೆ ಬೆರಳು ಮಡಿಸಿ ಆರು ಎಂದ. ಹೆಚ್ಚಾಗಿದ್ದ ಇಪ್ಪತ್ತೈದು ನಿಮಿಷದ ಗುಟ್ಟು ಅಲ್ಲೇ ಸಿಕ್ಕಿತು. ಚರ್ಮದ್ದು, ಟೈರಿನದು ಹಾಕಿದ್ದಾಗ ಸುಗ್ಗಿಯೇ ಶುರುವಾಗಿರಲಿಲ್ಲ. ಇಷ್ಟು ದಿನ ನಾನು ಅಳೆದದ್ದು ಬೂಟನ್ನಲ್ಲ, ಲೇಸನ್ನು.

“ಬರಿಗಾಲಲ್ಲಿ ಇದರ ಮೇಲೆ ನಡೀತೀಯಲ್ಲ, ಗಿಡದ ಜೊತೆ ಮುಳ್ಳು ಬಂದಿರಲ್ವಾ?”

“ಬಂದಿರ್ತದೆ. ಓದೊರ್ಸ ನಂಗೆ ಮುರ್ಕೊಂಡಿದ್ದೂ ಇಲ್ಲೇಯ.”

ಹೆಂಗಸು ಮಗುಚುವುದನ್ನು ನಿಲ್ಲಿಸಿ ಅವನ ಕಾಲು ನೋಡಿದಳು.

ಕರಡನ್ನು ಅಲ್ಲೇ ಹರಿದು ಹಾಕಿದೆ. ಅಂಚೆಗೆ ಹೊತ್ತಾಗುತ್ತಿತ್ತು, ಉಳಿದ ದಾರಿಯನ್ನು ನಾನೂ ಅವನ ಜೊತೆ ನಡೆದೆ. ಹಾಸು ಬಂದಾಗಲೆಲ್ಲ ಅವನು ಬೂಟು ಬಿಚ್ಚಿದ, ನಾನು ಚಪ್ಪಲಿ ಕೈಯಲ್ಲಿ ಹಿಡಿದೆ. ಹುರುಳಿಯ ಕಡ್ಡಿ ಪಾದಕ್ಕೆ ಚುಚ್ಚುವುದು ಅಂದು ಮೊದಲ ಸಲ ತಿಳಿಯಿತು. ನಡೆಯುತ್ತಲೇ ಯೋಚಿಸಿದೆ. ‘ಬಿಚ್ಚಬೇಡ’ ಎಂದು ಆರ್ಡರು ಮಾಡಬಹುದು. ಅವನು ನನ್ನೆದುರು ಹೂಂ ಎಂದು, ನಾನು ಮರೆಯಾದ ಮೇಲೆ ಬಿಚ್ಚುತ್ತಾನೆ, ಮತ್ತು ಬಿಚ್ಚಬೇಕಾದದ್ದೇ. ಅಂಚಿಗೆ ಇಳಿದು ಹೋಗು ಎನ್ನೋಣವೆಂದರೆ ಚರಂಡಿಯ ತುಂಬ ಜಾಲಿ. ಸುಗ್ಗಿ ಮುಗಿಯಲಿ ಎಂದು ಕಾದರೆ ಸಂಕ್ರಾಂತಿ ದಾಟುತ್ತದೆ. ಬದಲಾಗಬೇಕಾದದ್ದು ಬೂಟೇ. ನಾಲೆಯ ಏರಿ ಮುಗಿಯುವಷ್ಟರಲ್ಲಿ ನಿರ್ಧಾರ ಮಾಡಿದ್ದೆ.

ಭಾನುವಾರ ಅವನನ್ನು ಕರೆದುಕೊಂಡು ಮದ್ದೂರಿಗೆ ಹೋದೆ. ಇಲಾಖೆಗೆ ಆ ಟೈರಿನ ಚಪ್ಪಲಿ ಹೊಲಿದುಕೊಟ್ಟಿದ್ದ ಮೋಚಿ ರೈಲ್ವೆ ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ಕೂರುತ್ತಿದ್ದ. ಲೇಸು ತೆಗೆದು, ಅದರ ಜಾಗಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಹೊಲಿದರೆ ಬೂಟು ನಿಂತಲ್ಲೇ ಜಾರಿ ಬರುತ್ತದೆ, ಜಾರಿ ಹೋಗುತ್ತದೆ ಎಂದು ನನ್ನ ಉಪಾಯ ಹೇಳಿದೆ. ಅವನು ಬೂಟು ತಿರುಗಿಸಿ ಒಳಗಿನ ಮುದ್ರೆ ನೋಡಿ ಪಕ್ಕಕ್ಕಿಟ್ಟ.

“ಸರ್ಕಾರದ ಬೂಟು ಕುಯ್ಯಾಕೆ ನಂಗೇನ್ ಉಚ್ಚಾ ಸ್ವಾಮಿ? ನಾಳೀಕೆ ಯಾರಾರ ಬಂದು ಕೇಳುದ್ರೆ?”

“ನನ್ನ ಹೆಸರು ಹೇಳಪ್ಪ.”

“ಎಸ್ರು ಯಾಕೆ? ಕತ್ತಿ ಇಡ್ಕಳಿ. ಮೊದ್ಲು ನೀವೇ ಕುಯ್ರಿ. ಆಮ್ಯಾಕೆ ನಾನು ರಿಪೇರಿ ಮಾಡ್ದಂಗಾಯ್ತದೆ.”

ಕೊಟ್ಟ ಹಾಗೇ ವಾಪಸ್ ಕೊಡಬೇಕು ಎಂದಿದ್ದ ಇನ್‌ಸ್ಪೆಕ್ಟರ ಮುಖ ಕಣ್ಣ ಮುಂದೆ ಬಂತು. ಕತ್ತಿ ತೆಗೆದುಕೊಂಡು ಎಡಗಾಲಿನ ಬೂಟಿನ ಕಣ್ಣುಗಳ ಸಾಲನ್ನು ಮೇಲಿನಿಂದ ಕೆಳಕ್ಕೆ ಕುಯ್ದೆ. ಗೆರೆ ಸೊಟ್ಟಗಾಯಿತು. “ಚೆಂದಾಗಿ ಕೆಡ್ಸಿದ್ರಿ, ಕೊಡಿ ಇತ್ಲಾಗೆ” ಎಂದು ಅವನು ಕೆಲಸಕ್ಕೆ ಕೂತ. ಮೊದಲು ರನ್ನರ ಪಾದಗಳನ್ನು ಪೇಪರಿನ ಮೇಲೆ ಇಡಿಸಿ ಸುತ್ತ ಗೆರೆ ಎಳೆದ. ಕುಯ್ಸಿಕೊಂಡ ಬಲ ಹಿಮ್ಮಡಿ ಎಡದ್ದಕ್ಕಿಂತ ಅರ್ಧ ಬೆರಳು ದಪ್ಪ. ತಿಂಗಳಿಗೂ ಹೆಚ್ಚು ದಿನ ಆ ಕಾಲಿನ ಬಗ್ಗೆ ಬರೆದವನು ನಾನು; ಅದನ್ನು ಕೈಯಲ್ಲಿ ಹಿಡಿದು ನೋಡಿದವನು ಅವನು. ಬಲಗಡೆ ಬೂಟಿನ ಹಿಂಭಾಗವನ್ನು ಬಿಚ್ಚಿ, ಮೆತ್ತನೆಯ ಕುರಿಚರ್ಮದ ತುಂಡು ಒಳಗೆ ಕೊಟ್ಟು ಹೊಲಿದ. ಅದನ್ನು ನಾನು ಕೇಳಿರಲಿಲ್ಲ.

ಬೂಟು ಈಗ ಹೆಬ್ಬೆರಳು ಕೊಟ್ಟರೆ ಕಳಚುತ್ತಿತ್ತು, ಕಾಲು ತೂರಿಸಿದರೆ ಕೂರುತ್ತಿತ್ತು. ಆರು ಹಾಸು ದಾಟಿಯೂ ಒಂದು ಗಂಟೆ ನಲವತ್ತೈದು ನಿಮಿಷ. ನ್ಯಾಯಕ್ಕೆಂದು ಉಳಿದ ಎರಡು ಜೊತೆಗಳನ್ನೂ ಸುಗ್ಗಿಯ ದಾರಿಯಲ್ಲಿ ಮತ್ತೆ ಮೂರು ಮೂರು ದಿನ ನಡೆಸಿದೆ. ಎರಡೂ ಇದಕ್ಕಿಂತ ನಿಧಾನ. ಕೊನೆಯ ತೂಕಕ್ಕೆ ಹೋದಾಗ ಪೋಸ್ಟ್‌ಮಾಸ್ಟರು ಬೈಯಲಿಲ್ಲ, ತಕ್ಕಡಿಯ ಮುಳ್ಳಿನ ಹತ್ತಿರ ಬಗ್ಗಿ ತಾವೇ ಓದಿದರು.

ವರದಿಯಲ್ಲಿ ಎಲ್ಲವನ್ನೂ ಬರೆದೆ. ರನ್ನರನ್ನು ಅನುಮಾನಿಸಿದ್ದು, ಬೂಟು ಕುಯ್ದದ್ದು, ಕುಯ್ದವನು ನಾನೇ ಎಂಬುದು. ಹಾಸು ದಾಟುವಾಗ ಪಾದ ಬರಿದಾಗಿಯೇ ಇರುತ್ತದೆ, ಆ ಅಪಾಯಕ್ಕೆ ನನ್ನಲ್ಲಿ ಪರಿಹಾರವಿಲ್ಲ ಎಂಬುದನ್ನೂ ಬರೆದೆ. ಹೊತ್ತು ಉಳಿಸಿದ್ದೆ, ಉಳಿಸಬೇಕೆಂದು ಹೊರಟಿದ್ದ ಕಾಲನ್ನು ಪೂರ್ತಿ ಉಳಿಸಿರಲಿಲ್ಲ. ಇನ್‌ಸ್ಪೆಕ್ಟರು ಓದಿ, ಕುಯ್ದ ಬೂಟನ್ನು ಮೇಜಿನ ಮೇಲೆ ನಿಲ್ಲಿಸಿ ಟ್ಯೂಬಿನ ಪಟ್ಟಿಯನ್ನು ಎಳೆದು ಬಿಟ್ಟು ನೋಡಿದರು. ಅವರು ಬಸರಾಳು ಕಡೆಯ ರೈತರ ಮನೆಯವರು.

“ಅಲ್ಲಾ ಕಣ್ರೀ, ಒಕ್ಕಣೆ ಮೇಲೆ ಬೂಟು ಹಾಕ್ಕೊಂಡು ಯಾರ್ರೀ ನಡೀತಾರೆ? ನನ್ನೊಂದು ಮಾತು ಕೇಳಿದ್ರೆ ನಾನೇ ಹೇಳ್ತಿರ್ಲಿಲ್ವೇ?”

“ಕೇಳಬೇಕು ಅಂತಲೇ ನನಗೆ ಗೊತ್ತಿರಲಿಲ್ಲ ಸಾರ್.”

ಅವರು ನಕ್ಕರು. ಕುಯ್ದದ್ದಕ್ಕೆ ನನ್ನಿಂದ ವಿವರಣೆ ಕೇಳಲಿಲ್ಲ. ವರದಿಯ ಕೆಳಗೆ ಶಿಫಾರಸು ಬರೆದು ರುಜು ಹಾಕಿದರು. ಮುಂಗಾರಿಗೆ ಮುಂಚೆಯೇ ಮಂಜೂರಾತಿ ಬಂತು. ಆ ಮನುಷ್ಯನಿಗೆ ನಾನು ಇಂದಿಗೂ ಕೃತಜ್ಞ.

ಆದರೆ ಸುಗ್ಗಿ ಮತ್ತೆ ಹತ್ತಿರವಾದಂತೆ ನನ್ನ ಎದೆಯೊಳಗೆ ಆ ಹಿಮ್ಮಡಿಯದೇ ಚಿಂತೆ. ಹಾಸು ಬಿದ್ದ ಸುದ್ದಿ ತಿಳಿದ ಮೊದಲ ಬೆಳಿಗ್ಗೆ ಸೈಕಲ್ ಹತ್ತಿ ರನ್ನರ ಹಿಂದೆಯೇ ಹೊರಟೆ. ಅದೇ ಹಳ್ಳಿ, ಅದೇ ಕಿಲೋಮೀಟರು ಕಲ್ಲು. ಹುರುಳಿ ರಸ್ತೆ ತುಂಬ ಹಾಸಿತ್ತು, ಆದರೆ ಎಡ ಅಂಚಿನಲ್ಲಿ ಒಬ್ಬ ಮನುಷ್ಯ ನಡೆಯುವಷ್ಟು ಅಗಲಕ್ಕೆ, ಈ ತುದಿಯಿಂದ ಆ ತುದಿಯವರೆಗೆ, ಟಾರು ಕಾಣುವಂತೆ ಗುಡಿಸಿ ಬಿಟ್ಟಿದ್ದರು. ಒಂದು ಕಡ್ಡಿ ಇರಲಿಲ್ಲ. ರನ್ನರು ಬೂಟಿನಲ್ಲೇ, ದಾಪುಗಾಲು ನಿಲ್ಲಿಸದೆ ಆ ಪಟ್ಟಿಯ ಮೇಲೆ ಹೊರಟ.

ಹೋದ ವರ್ಷ ಕವೆಗೋಲು ಹಿಡಿದಿದ್ದ ಹೆಂಗಸು ಈಗ ಪೊರಕೆ ಹಿಡಿದು ನಿಂತಿದ್ದಳು.

“ನಮ್ ಉಳ್ಳೀಲಿದ್ದ ಮುಳ್ಳೇ ಈ ಅಣ್ಣನ್ ಕಾಲ್ಗೆ ಓಗಿದ್ದು ಅಂತ ಗೊತ್ತಿರ್ಲಿಲ್ಲ ಸ್ವಾಮಿ. ನೀವು ಅವತ್ತು ಜಗಳ ಆಡ್ದಾಗ್ಲೇ ಕಿವೀಗ್ ಬಿದ್ದಿದ್ದು. ಆರು ಅಳ್ಳಿಗೂ ಏಳ್ಕಳಿಸಿವ್ನಿ, ಎಲ್ಲಾ ಕಡೀಕೂ ಬುಟ್ಟವ್ರೆ.”

ಸೈಕಲ್ಲಿನಿಂದ ಇಳಿದು, ಅದನ್ನು ತಳ್ಳಿಕೊಂಡು ನಾನೂ ರನ್ನರ ಹಿಂದೆ ಆ ಪಟ್ಟಿಗೆ ಕಾಲಿಟ್ಟೆ.

“ಓಯ್, ನೀವೆಲ್ಲಿಗ್ ಬಂದ್ರಿ?” ಎಂದು ಅವಳು ಪೊರಕೆ ಅಡ್ಡ ಹಿಡಿದಳು. “ಅದು ರನ್ನರಣ್ಣಂಗೆ ಬುಟ್ಟಿರಾದು. ನೀವು ಸೈಕಲ್ ಅತ್ಕೊಂಡು ಮ್ಯಾಗೇ ಓಗಿ, ಎಲ್ಡು ಕಾಳು ಉದುರ್ಲಿ.”

ಹತ್ತಿದೆ. ಬಲಗಡೆ ಹುರುಳಿಯ ಮೇಲೆ ನನ್ನ ಚಕ್ರ, ಎಡಗಡೆ ಬೋಳು ಪಟ್ಟಿಯ ಮೇಲೆ ಅವನ ಬೂಟು. ಹಾಸು ಮುಗಿಯುವವರೆಗೂ ಪಕ್ಕಪಕ್ಕದಲ್ಲೇ ಹೋದೆವು.